ಕಾರಿಕಾಲಮ್ಮೆಯ ಕಂಚಿನ ಕಾಯ

ಕಾಯವು ಹೇಯವೋ ಪೂಜ್ಯವೋ ಎಂಬ ಪ್ರಶ್ನೆಯು ಸದ್ಭಕ್ತರ ಮನಸ್ಸಿನಲ್ಲಿ ಮತ್ತೆ ಮತ್ತೆ ಏಳುವಂಥದು. ಇದಕ್ಕೆ ಒಂದು ಪುಟ್ಟ ಕಂಚಿನ ಮೂರ್ತಿಯು ಉತ್ತರವನ್ನೀಯಬಲ್ಲುದೆಂದು ನನಗೆ ತೋರಿದೆ.

ಅದು ಅರವತ್ತುಮೂವರು ಪುರಾತನರಲ್ಲೊಬ್ಬಳಾದ ಕಾರೈಕ್ಕಾಲ್ ಅಮ್ಮೈಯಾರಳದು. ಕನ್ನಡದ ಶರಣರಿಗೆ ಈಕೆ ಕಾರಿಕಾಲಮ್ಮೆ. ಚೋಳರ ಕಾಲದ, 13ನೆಯ ಶತಮಾನದ ಈ ಮೂರ್ತಿಯು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಎತ್ತರವು ಒಂದು ಗೇಣು, ಸುಮಾರು 23 ಸೆಂಟಿಮೀಟರು. ಎಲುಬೆದ್ದ ಎದೆ, ಜೋತ ಸ್ತನ, ಕಡ್ಡಿಯಂತಹ ತೋಳು. ಆದರೆ ಕೈಗಳಲ್ಲಿ ತಾಳ, ಮುಖದಲ್ಲಿ ಆನಂದ!

ಈಕೆ ಮೊದಲು ಪುನಿತವತಿಯೆಂಬ ಚೆಲುವೆ, ವರ್ತಕನ ಮಡದಿ. ಪತಿಯು ಕಳುಹಿಸಿದ ಎರಡು ಮಾವಿನ ಹಣ್ಣುಗಳಲ್ಲಿ ಒಂದನ್ನು ಹಸಿದು ಬಂದ ಶಿವಭಕ್ತನಿಗೆ ನೀಡಿದಳು. ಪತಿಯು ಎರಡನೆಯದನ್ನೂ ಕೇಳಲು ಶಿವನ ಕೃಪೆಯಿಂದ ಹಣ್ಣು ಕೈಗೆ ಬಂದಿತು. ಅದನ್ನು ಕಂಡು ಅಂಜಿದ ಪತಿಯು ಆಕೆಯನ್ನು ತೊರೆದು, ಕಡೆಗೆ ಆಕೆಯ ಪಾದಕ್ಕೇ ಎರಗಿದನು. ಆಗ ಆಕೆ, ಇವನಿಗಾಗಿ ಹೊತ್ತ ಈ ಚೆಲುವನ್ನು ನೀಗಿಸೆಂದು ಶಿವನನ್ನು ಬೇಡಿ ಅಸ್ಥಿಮಾತ್ರಳಾದಳು. ಪಾದವೂರಲು ಅಂಜಿ ತಲೆಯಿಂದಲೇ ಕೈಲಾಸವನ್ನೇರಿದ ಆಕೆಯನ್ನು ಶಿವನು 'ಅಮ್ಮಾ' ಎಂದು ಕರೆದನೆಂಬುದು ಪುರಾಣ.

ಇಲ್ಲಿ ಎರಡು ಆಕ್ಷೇಪಗಳುಂಟು. ಬೆಂಕಿಗೆ ಕರಗುವ ಪ್ರತಿಮೆಗಳನ್ನು ದೈವವೆನ್ನಲೊಪ್ಪದ ಬಸವಣ್ಣನವರ ಮಾರ್ಗದವರಿಗೆ ಲೋಹದ ಗೊಂಬೆಯಿಂದೇನು? ನಿಜ, ಇಷ್ಟಲಿಂಗವುಳ್ಳವನಿಗೆ ಇದು ಪೂಜಾವಸ್ತುವಲ್ಲ. ತಿಳಿವಿಗೆ ಸಾಧನ ಮಾತ್ರ. ಹಾಗಾದರೆ ಈಕೆ ಕಾಯವನ್ನು ಹಳಿದವಳಲ್ಲವೇ? ಅಲ್ಲವೆಂಬುದನ್ನು ಆ ಮೂರ್ತಿಯ ಹುಟ್ಟೇ ಹೇಳುತ್ತದೆ. ಸ್ಥಪತಿಯು ಮೊದಲು ಮೇಣದಲ್ಲಿ ರೂಪವನ್ನು ತಿದ್ದಿ, ಮಣ್ಣು ಮೆತ್ತಿ ಕಾಯಿಸುತ್ತಾನೆ. ಮೇಣವು ಕರಗಿ ಹೊರಗೆ ಹರಿಯುತ್ತದೆ. ತೆರವಾದ ಎಡೆಗೆ ಕಾದ ಲೋಹವನ್ನೆರೆದು, ಆರಿದ ಮೇಲೆ ಮಣ್ಣನ್ನು ಒಡೆಯುತ್ತಾನೆ. ರೂಪವು ಅದೇ, ದ್ರವ್ಯವು ಬೇರೆ. ಹಾಗೆಯೇ 'ನಾನು' ಎಂಬ ಮೇಣವು ಕರಗಿದೆಡೆಯಲ್ಲಿ ಶಿವಪ್ರಸಾದವು ತುಂಬಿದರೆ ಇದೇ ಕಾಯವು ಪ್ರಸಾದಕಾಯವಾಗುತ್ತದೆ. ಕಾರಿಕಾಲಮ್ಮೆ ನೀಗಿದುದು ಚೆಲುವಿನ ಒಡೆತನವನ್ನು. ತಾಳ ಹಿಡಿವ ಕೈಗಳನ್ನಲ್ಲ. ಅಂದು ಹಣ್ಣು ನೀಡಿದ ಕೈಗಳೇ ಇಂದು ತಾಳ ಹಾಕುತ್ತಿವೆ.

ಈ ಮೂರ್ತಿಯ ಚಿತ್ರವನ್ನು ಮೊದಲು ನೋಡಿದಾಗ ನಾನು ತಲೆ ತಗ್ಗಿಸಿದೆನು. ಭಕ್ತಿಯಿಂದ ಮಾತ್ರವಲ್ಲ, ನಾಚಿಕೆಯಿಂದಲೂ. ನಮ್ಮ ಅವ್ವನ ಕಡೆಗಾಲದಲ್ಲಿ ಆಕೆಯ ಮೈ ಹೀಗೆಯೇ ಸೊರಗಿತ್ತು. ಮನೆಗೆ ದೊಡ್ಡವರು ಬಂದಾಗ, "ಅವ್ವಾ, ಸ್ವಲ್ಪ ಒಳಗೆ ಕೂಡ್ರು" ಎಂದು ನಾನೇ ಹೇಳುತ್ತಿದ್ದೆನು. ಆಕೆ ಮರುಮಾತಾಡದೆ ಎದ್ದು ಹೋಗುತ್ತಿದ್ದಳು. ಶಾಲೆಯಲ್ಲಿ ದೇಹವೇ ದೇಗುಲವೆಂದು ಬೋಧಿಸಿದ ನಾನು, ನನ್ನನ್ನು ಹೊತ್ತ ದೇಗುಲವು ಜೀರ್ಣವಾದಾಗ ಅದನ್ನು ಮರೆಮಾಡಿದೆನು.

ಸದ್ಗೃಹಸ್ಥರೇ, ಕಂಚಿನ ಮುದುಕಿಯನ್ನು ನೋಡಲು ದೂರದೇಶಕ್ಕೆ ಹೋಗಬೇಕಾಗಿಲ್ಲ. ನಿಮ್ಮ ಮನೆಯ ಹಿರಿಯಳನ್ನು ಪಡಸಾಲೆಗೆ ಕರೆತಂದು, ಬಂದವರ ಸಮಕ್ಷಮದಲ್ಲಿ ಕೂಡ್ರಿಸಿರಿ. ಶಿವನೇ ಅಮ್ಮಾ ಎಂದುದು ಅಂತಹ ಮೈಯನ್ನು.