ಉಜ್ಜಿ ಹೋದ ಅಂಚು

ಹಳೆಯ ಮೇಜು ಕುರ್ಚಿಗಳಿಗೆ ಬಣ್ಣ ಹಚ್ಚುವ ಕೆಲಸವನ್ನು ಹೋದ ವರ್ಷ ಒಬ್ಬ ಪೇಂಟರ್ ಹತ್ತಿರ ಕಲಿಯತೊಡಗಿದೆ. ಪಿಎಚ್‌ಡಿಯ ಅಧ್ಯಾಯವೊಂದು ಮುಂದೆ ಸಾಗದ ದಿನಗಳವು. ಸಂಜೆಯೊಳಗೆ ಮುಗಿಯುವ ಕೆಲಸವೊಂದು ಬೇಕಿತ್ತು.

ಮೊದಲು ಕಲಿತದ್ದು ಗ್ರೇನಿಂಗ್. ಅಗ್ಗದ ಹಲಗೆಗೆ ತಿಳಿ ಹಳದಿ ಬಳಿದು, ಒಣಗಿದ ಮೇಲೆ ತೆಳುವಾಗಿ ಕಂದು ಬಣ್ಣ ಹಚ್ಚಿ, ಹಸಿಯಿರುವಾಗಲೇ ರಬ್ಬರ್ ಬಾಚಣಿಗೆ ಎಳೆದರೆ ತೇಗದಂಥ ಗೆರೆಗಳು ಮೂಡುತ್ತವೆ. ಎರಡನೆಯದು ಡಿಸ್ಟ್ರೆಸ್ಸಿಂಗ್, ಹೊಸದನ್ನು ಹಳತಾಗಿ ಕಾಣಿಸುವ ವಿದ್ಯೆ. ಅಂಚಿಗೆ ಮೇಣದಬತ್ತಿ ಉಜ್ಜಿ, ಮೇಲೆ ಬಣ್ಣ ಹೊಡೆದು, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿದರೆ ಮೇಣವಿದ್ದಲ್ಲಿ ಬಣ್ಣ ಕಿತ್ತುಬರುತ್ತದೆ. "ಎಲ್ಲೆಂದರಲ್ಲಿ ತಿಕ್ಕಬೇಡಿ. ಜನ ಎಲ್ಲಿ ಕೈ ಇಡ್ತಾರೋ ಅಲ್ಲಿ ತಿಕ್ಕಿ" ಎಂದಿದ್ದರು ಪೇಂಟರ್.

ಇವೆಲ್ಲ ಸುಳ್ಳಲ್ಲವೇ? ಜಾನ್ ರಸ್ಕಿನ್ 1849ರಲ್ಲಿ ಪ್ರಕಟಿಸಿದ ‘ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್’ ಪುಸ್ತಕದಲ್ಲಿ, ಮರಕ್ಕೆ ಅಮೃತಶಿಲೆಯಂತೆ ಬಣ್ಣ ಬಳಿಯುವುದನ್ನು ವಂಚನೆಗಳ ಸಾಲಿಗೆ ಸೇರಿಸುತ್ತಾನೆ. ಆದರೆ ಕಟ್ಟಡದ ಮೇಲಿನ ಚಿನ್ನದ ಲೇಪವನ್ನು ಮಾತ್ರ ಬಿಟ್ಟುಕೊಡುತ್ತಾನೆ. ಅದನ್ನು ಯಾರೂ ಗಟ್ಟಿ ಚಿನ್ನವೆಂದು ನಂಬುವುದಿಲ್ಲ. ಅದೇ ಲೇಪ ಒಡವೆಯ ಮೇಲಿದ್ದರೆ ಮೋಸ. ಅಂದರೆ ಸುಳ್ಳು ಇರುವುದು ಬಣ್ಣದಲ್ಲಲ್ಲ, ನೋಡುವವರು ಏನನ್ನು ನಂಬುತ್ತಾರೆ ಎನ್ನುವುದರಲ್ಲಿ. ಈ ಉತ್ತರ ನನಗೆ ಸಾಕೆನಿಸಿತ್ತು.

ದಸರಾ ರಜೆಗೆ ಊರಿಗೆ ಹೋದಾಗ ಅಟ್ಟದಿಂದ ಅಜ್ಜನ ಗಲ್ಲಾಪೆಟ್ಟಿಗೆಯನ್ನು ಇಳಿಸಿದೆ. ಹಲಸಿನ ಮರದ್ದು. ಹೊಸ ಬಣ್ಣ ಕೂರಲೆಂದು ಮುಚ್ಚಳವನ್ನೆಲ್ಲ ತಿಕ್ಕುತ್ತ ಬಂದೆ. ಎಡ ಅಂಚಿನಲ್ಲಿ ಜಿಡ್ಡು ಹಿಡಿದು ಕಪ್ಪಾದ ಒಂದು ತಗ್ಗಿತ್ತು. ಅದನ್ನೂ ಸಮ ಮಾಡತೊಡಗಿದಾಗ ಅಮ್ಮ ಬಂದಳು. "ಅಯ್ಯೋ, ಅದನ್ಯಾಕೆ ಉಜ್ಜಿದೆ? ಅಜ್ಜ ಕೈ ಊರ್ತಿದ್ದಿದ್ದು ಅಲ್ಲೇ."

ಅಜ್ಜ ಎಡಚರು. ಎಡಗೈಯಲ್ಲಿ ದುಡ್ಡು ಕೊಡಬಾರದೆಂದು ಗಿರಾಕಿಗಳಿಗೆ ಬಲಗೈಯಲ್ಲೇ ಚಿಲ್ಲರೆ ಕೊಡುತ್ತಿದ್ದರಂತೆ. ಲೆಕ್ಕ ಬರೆಯುವುದು ಮಾತ್ರ ಎಡಗೈಯಲ್ಲಿ. ಪೇಂಟರ್ ಹೇಳಿದಂತೆ ನಾನು ಸವೆತ ಮೂಡಿಸಿದ್ದರೆ ಬಲ ಅಂಚಿನಲ್ಲೇ ಮೂಡಿಸುತ್ತಿದ್ದೆ. ನಾವು ಮಾಡುವ ಸವೆತ ‘ಜನ’ರದ್ದು, ಆ ತಗ್ಗು ಒಬ್ಬರದ್ದು. ಅದರ ಅರ್ಧ ಆಗಲೇ ಪುಡಿಯಾಗಿ ನೆಲದ ಮೇಲೆ ಬಿದ್ದಿತ್ತು.

ನಿಜವಾದ ಪ್ರಶ್ನೆ ಎದ್ದದ್ದು ಆಮೇಲೆ. ಸವೆತ ಮೂಡಿಸುವ ವಿದ್ಯೆ ನನ್ನ ಕೈಯಲ್ಲಿತ್ತು. ಈಗ ಜಾಗವೂ ಗೊತ್ತು. ಅಲ್ಲೇ ಕೊರೆದು, ಕಪ್ಪು ಹಿಡಿಸಿದರೆ ಅಮ್ಮನಿಗೂ ಸಮಾಧಾನ. ಅಜ್ಜ ಅಲ್ಲಿ ಕೈ ಊರುತ್ತಿದ್ದದ್ದು ನಿಜವೇ ಆದ್ದರಿಂದ ಯಾರೂ ತಪ್ಪಾದದ್ದನ್ನು ನಂಬುವುದಿಲ್ಲ. ರಸ್ಕಿನ್ನನ ಅಳತೆಯಲ್ಲಿ ಇದು ಮೋಸವೇ ಅಲ್ಲವೇನೋ. ಆದರೂ ಕೈ ಬರಲಿಲ್ಲ. ನಡೆದ ಘಟನೆಯನ್ನೇ ಹೇಳಿದರೂ, ಅದನ್ನು ಕಾಣದವನು ಕಂಡೆನೆಂದು ಹೇಳಿದರೆ ಅದು ಸುಳ್ಳು ಸಾಕ್ಷಿಯೇ. ತೇಗದ ಗೆರೆ ಎಳೆಯುವಾಗ ನಾನು ಮರವನ್ನು ಅನುಕರಿಸುತ್ತೇನೆ. ಇಲ್ಲಿ ಅನುಕರಿಸಬೇಕಿದ್ದುದು ಒಬ್ಬರು ಕೂತು ಕಳೆದ ವರ್ಷಗಳನ್ನು. ಅವು ನನ್ನವಲ್ಲ. ಜೊತೆಗೆ, ಅವುಗಳನ್ನು ಅಳಿಸಿದವನು ನಾನೇ ಎನ್ನುವುದೂ ಆ ಹೊಸ ತಗ್ಗಿನಡಿ ಮುಚ್ಚಿಹೋಗುತ್ತಿತ್ತು.

ರೋಮ್‌ನ ಸಂರಕ್ಷಣಾ ಸಂಸ್ಥೆಯಲ್ಲಿ 1940ರ ದಶಕದಲ್ಲಿ ಚೆಸಾರೆ ಬ್ರಾಂಡಿ ಮತ್ತು ಸಂಗಡಿಗರು ರೂಪಿಸಿದ ಒಂದು ಕ್ರಮವಿದೆ, ತ್ರತ್ತೆಜ್ಜೊ. ಹಾಳಾದ ಚಿತ್ರದಲ್ಲಿ ಬಣ್ಣ ಹೋದ ಜಾಗವನ್ನು ಸಣ್ಣ ಸಣ್ಣ ನೇರ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದರೆ, ಇಷ್ಟು ಆಮೇಲೆ ಸೇರಿಸಿದ್ದು ಎಂದು ಗೆರೆಗಳೇ ಹೇಳುತ್ತವೆ.

ಉಳಿದ ಅರ್ಧ ತಗ್ಗನ್ನು ಮುಟ್ಟದೆ, ನಾನು ತಿಕ್ಕಿದ ಜಾಗದಲ್ಲಿ ಮಾತ್ರ ಕಂದು ಬಣ್ಣದ ಸಣ್ಣ ಗೆರೆಗಳನ್ನೆಳೆದೆ. ಅಷ್ಟೇನೂ ಚೆನ್ನಾಗಿ ಬಂದಿಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಬೆರಳಾಡಿಸಿದಳು. "ಇಲ್ಲೀವರೆಗೆ ಅಜ್ಜಂದು, ಇಲ್ಲಿಂದ ನಿಂದು" ಅಂದಳು. ಪೆಟ್ಟಿಗೆ ಈಗ ನನ್ನ ಕೋಣೆಯಲ್ಲಿದೆ. ಬರೆಯಲು ಕೂತಾಗ ಆ ಅಂಚಿನ ಮೇಲೆ ಕೈ ಊರಿ ನೋಡಿದ್ದೇನೆ. ಬಲಗೈಯವನಾದ ನನಗೆ ಅದು ಹೊಂದುವುದಿಲ್ಲ.