ಬೆತ್ಲೆಹೇಮಿಗೆ ಹೊರಟ ಗರ್ಭಿಣಿ



ಬಸುರಿ ಇರುವ ಮನೆಯವರು ಮನೆ ಬದಲಿಸಬಾರದು ಎಂಬ ಮಾತು ನಮ್ಮ ಕಡೆ ಇದೆ. ಕ್ರೈಸ್ತರಾದ ನಾವು ಇಂಥದನ್ನೆಲ್ಲ ನಂಬುವುದಿಲ್ಲ ಎನ್ನುತ್ತೇವೆ. ಆದರೂ ಹೊಸ ಮನೆಯನ್ನು ಆಶೀರ್ವದಿಸಲು ಕರೆಯಬಂದವರು ಹೊರಡುವಾಗ ದನಿ ತಗ್ಗಿಸಿ, "ಸೊಸೆಗೆ ಐದು ತಿಂಗಳು ಸ್ವಾಮಿ, ಹೆರಿಗೆ ಆದಮೇಲೆ ಇಟ್ಟುಕೊಂಡರೆ ಆದೀತೆ?" ಎಂದು ಕೇಳುವುದು ನನಗೆ ಹೊಸದೇನಲ್ಲ. ಏನೂ ಕೆಡುಕಾಗದಿದ್ದರೆ ಈ ಮಾತನ್ನು ಮರೆತುಬಿಡುತ್ತೇವೆ. ಕೆಡುಕಾದಾಗ ಅದು ಎದ್ದು ಬಂದು ಬಾಗಿಲಲ್ಲಿ ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಹಾಸನದ ಕಡೆಯ ಒಂದು ಚಿಕ್ಕ ಧರ್ಮಕೇಂದ್ರದಲ್ಲಿದ್ದೆ. ಅಲ್ಲಿನ ಒಂದು ಸಂಸಾರ ಬೆಂಗಳೂರಿಗೆ ಹೊರಟಿತ್ತು. ಗಂಡನಿಗೆ ವರ್ಗವಾಗಿತ್ತು. ಹೆಂಡತಿ ಐದು ತಿಂಗಳ ಗರ್ಭಿಣಿ, ಜೊತೆಗೆ ನಾಲ್ಕು ವರ್ಷದ ಹುಡುಗಿ. ಬೆಂಗಳೂರಿನ ಮನೆಗೆ ಅಡ್ವಾನ್ಸ್ ಕೊಟ್ಟಾಗಿತ್ತು, ಪಾತ್ರೆಪಡಗ ಗೋಣಿಚೀಲ ಸೇರಿತ್ತು, ಲಾರಿಯೂ ಗೊತ್ತಾಗಿತ್ತು. ಅಷ್ಟರಲ್ಲಿ ಆಕೆಯ ಕೈಗೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಬಸುರಿನಲ್ಲಿ ಹಾಗೆಲ್ಲ ಆಗುತ್ತದೆ, ಹಾಲು ಕೂಡುವ ಕಾಲ ಎಂದರು ಹಿರಿಯರು. ಡಾಕ್ಟರು ಮಾತ್ರ ಸುಮ್ಮನಿರದೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ಕ್ಯಾನ್ಸರ್ ಎಂದು ವರದಿ ಬಂತು.

ಆಕೆ ನನ್ನ ಬಳಿ ಬಂದದ್ದು ಒಂದು ಶನಿವಾರ, ಬೆಳಗಿನ ಪೂಜೆಯ ನಂತರ. ನಾನಿನ್ನೂ ಪೂಜಾವಸ್ತ್ರ ಕಳಚುತ್ತಿದ್ದೆ. ಆಕೆ ಅಳಲಿಲ್ಲ. ಲಾರಿಯವನಿಗೆ ಬೇಡ ಎನ್ನುವುದೋ ಹೂಂ ಎನ್ನುವುದೋ ಗೊತ್ತಾಗುತ್ತಿಲ್ಲ ಸ್ವಾಮಿ ಎಂದರು. ಇಂಥ ಹೊತ್ತಿನಲ್ಲಿ ನಾವು ಗುರುಗಳು ಏನಾದರೂ ಹೇಳಲೇಬೇಕು ಎಂದುಕೊಳ್ಳುತ್ತೇವೆ. ನಾನು ಸಂತ ಜಿಯಾನ್ನಾ ಬೆರೆಟ್ಟಾ ಮೊಲ್ಲಾ ಅವರ ಕಥೆ ತೆಗೆದೆ. ಮಗುವಿಗಾಗಿ ಪ್ರಾಣವನ್ನೇ ಕೊಟ್ಟ ತಾಯಿ, ಅವರನ್ನು ನೆನೆದುಕೋ ಮಗಳೇ ಎಂದೆ. ಆಕೆ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಆ ತಾಯಿ ಸತ್ತರು ತಾನೇ ಸ್ವಾಮಿ? ನನಗೆ ಬದುಕಬೇಕು. ಇದು ಪಾಪವೇ?" ಎಂದು ಕೇಳಿದರು.

ಪಾಪವಲ್ಲ ಎಂದೆ. ಆದರೆ ಎಷ್ಟು ತಡವರಿಸಿ ಹೇಳಿದೆನೆಂದರೆ, ಆಕೆ ಅದನ್ನು ನಂಬಿದಂತೆ ಕಾಣಲಿಲ್ಲ.

ಆ ರಾತ್ರಿ ಸಂತರ ಜೀವನಚರಿತ್ರೆಯನ್ನು ಮತ್ತೆ ತೆರೆದು ಓದಿದೆ. ನಾನು ಹೇಳಿದ್ದು ಅರ್ಧ ಕಥೆ ಮಾತ್ರ. ಜಿಯಾನ್ನಾ ಇಟಲಿಯ ಮಜೆಂತಾ ಊರಿನವರು, 1922ರಲ್ಲಿ ಹುಟ್ಟಿದವರು. ಸ್ವತಃ ಡಾಕ್ಟರು, ಅದರಲ್ಲೂ ಮಕ್ಕಳ ಡಾಕ್ಟರು. ಬೆಟ್ಟ ಹತ್ತುವುದು, ಹಿಮದ ಮೇಲೆ ಜಾರುವ ಆಟ ಎಂದರೆ ಪ್ರಾಣ. 1961ರ ಸೆಪ್ಟೆಂಬರಿನಲ್ಲಿ, ನಾಲ್ಕನೆಯ ಮಗುವಿಗೆ ಎರಡು ತಿಂಗಳಾಗಿದ್ದಾಗ, ಅವರ ಗರ್ಭಕೋಶದಲ್ಲಿ ಗಡ್ಡೆ ಕಾಣಿಸಿಕೊಂಡಿತು. ಅದು ಕ್ಯಾನ್ಸರ್ ಅಲ್ಲ, ಆದರೆ ಹಾಗೇ ಬಿಡುವಂಥದ್ದೂ ಅಲ್ಲ. ಅವರು ಚಿಕಿತ್ಸೆ ಬೇಡವೆಂದು ಜಪಸರ ಹಿಡಿದು ಕುಳಿತರೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ನಿಜವಲ್ಲ. ಅವರು ಆಪರೇಷನ್ ಮಾಡಿಸಿಕೊಂಡರು. ಮಗುವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯಿರಿ ಎಂದು ಕೇಳಿಕೊಂಡರು, ವೈದ್ಯರು ಹಾಗೆಯೇ ಮಾಡಿದರು. ಆಮೇಲಿನ ಏಳು ತಿಂಗಳು ಮನೆ, ಮಕ್ಕಳು, ರೋಗಿಗಳು ಎಂದು ಎಂದಿನಂತೆ ದಿನ ಕಳೆದರು. 1962ರ ಏಪ್ರಿಲ್ 21ರಂದು, ಪವಿತ್ರ ಶನಿವಾರ, ಹೆಣ್ಣುಮಗು ಹುಟ್ಟಿತು. ಹೆರಿಗೆಯ ನಂತರ ಹೊಟ್ಟೆಯೊಳಗೆ ನಂಜೇರಿ, ಒಂದು ವಾರ ಯಾತನೆಪಟ್ಟು ಏಪ್ರಿಲ್ 28ರಂದು ತೀರಿಕೊಂಡರು. ಆಗ ಅವರಿಗೆ 39 ವರ್ಷ. ಆ ಮಗು ಬೆಳೆದು ಡಾಕ್ಟರಾದರು. 2004ರ ಮೇ 16ರಂದು ಜಗದ್ಗುರು ಎರಡನೇ ಜಾನ್ ಪೌಲರು ಜಿಯಾನ್ನಾ ಅವರನ್ನು ಸಂತರೆಂದು ಘೋಷಿಸಿದಾಗ ಅವರ ಪತಿಯೂ ಮಕ್ಕಳೂ ಅಲ್ಲಿದ್ದರು.

ಆಯ್ಕೆಯ ಹೊತ್ತು ಬಂದರೆ ಮಗುವನ್ನು ಉಳಿಸಿ ಎಂದು ಅವರು ಹೇಳಿದ್ದು ನಿಜ. ಆ ಮಾತಿನ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಅವರು ಸಾವನ್ನು ಹುಡುಕಿಕೊಂಡು ಹೋದವರಲ್ಲ. ತಾವೂ ಉಳಿಯಬೇಕು, ಮಗುವೂ ಉಳಿಯಬೇಕು ಎಂದೇ ಕೊನೆಯವರೆಗೆ ಪ್ರಾರ್ಥಿಸಿದರು. ಸಂತರ ಬದುಕನ್ನು ಧರ್ಮಸಭೆ ನಮ್ಮ ಮುಂದಿಟ್ಟಿರುವುದು ಹೆದರಿದವರಿಗೆ ಕೈಹಿಡಿಯಲು ಒಬ್ಬರು ಇರಲಿ ಎಂದು. ಅದೇ ಬದುಕನ್ನು ಕೋಲು ಮಾಡಿಕೊಂಡು ಹೆದರಿದ ಹೆಂಗಸಿನ ಬೆನ್ನಿಗೆ ಬಾರಿಸಿದರೆ ಆ ಸಂತರಿಗೇ ನೋವಾದೀತು. ನಾನು ಅಂದು ಮಾಡಿದ್ದು ಹೆಚ್ಚುಕಡಿಮೆ ಅದನ್ನೇ.

ಮರುದಿನ ಭಾನುವಾರ ಸಂಜೆ ಅವರ ಮನೆಗೆ ಹೋದೆ. ಈ ಸಲ ಮೊದಲು ಡಾಕ್ಟರು ಏನೆಂದರು ಎಂದು ಕೇಳಿದೆ. ಗರ್ಭಿಣಿಗೆ ಇಂಥ ಕಾಯಿಲೆ ಬಂದರೆ ಒಂದೋ ತಾಯಿ, ಇಲ್ಲವೇ ಮಗು ಎಂದೇ ಬಹಳ ಮಂದಿ ಎಣಿಸುತ್ತಾರೆ. ಎಲ್ಲರ ವಿಷಯದಲ್ಲೂ ಹಾಗಿಲ್ಲ. ಎದೆಯ ಗಂಟಿಗೆ ಬಸುರಿನಲ್ಲೇ ಆಪರೇಷನ್ ಮಾಡಬಹುದು. ಮೊದಲ ಮೂರು ತಿಂಗಳು ಕಳೆದ ಮೇಲೆ ಕಿಮೋಥೆರಪಿಯ ಕೆಲವು ಔಷಧಗಳನ್ನೂ ಕೊಡಬಹುದು. ಕಿರಣ ಚಿಕಿತ್ಸೆಯನ್ನು ಸಾಮಾನ್ಯವಾಗಿ ಹೆರಿಗೆಯಾಗುವ ತನಕ ಮುಂದಕ್ಕೆ ಹಾಕುತ್ತಾರೆ. ಕ್ಯಾನ್ಸರ್ ಡಾಕ್ಟರು, ಹೆರಿಗೆ ಡಾಕ್ಟರು ಇಬ್ಬರೂ ಒಟ್ಟಿಗೆ ಕುಳಿತು ದಿನ ಲೆಕ್ಕ ಹಾಕುತ್ತಾರೆ. ಆಕೆಯ ಡಾಕ್ಟರು ಇಷ್ಟನ್ನೂ ಹೇಳಿದ್ದರು. ಆದರೆ ಆಕೆಗೆ ಕೇಳಿಸಿದ್ದು ಕಾಯಿಲೆಯ ಹೆಸರು ಮಾತ್ರ. ಉಳಿದದ್ದನ್ನು ಗಂಡ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದ. ಅದನ್ನು ಮೂವರೂ ಕೂಡಿ ಎರಡು ಸಲ ಓದಿದೆವು.

ಔಷಧ ತೆಗೆದುಕೊಂಡರೆ ಮಗುವಿಗೆ ಅಪಾಯವಾದೀತು, ಅದು ನನ್ನ ತಲೆಗೆ ಬರುತ್ತದೆಯೇ ಎಂದು ಆಕೆ ಕೇಳಿದರು. ಇದಕ್ಕೆ ಧರ್ಮಸಭೆಯ ಉತ್ತರ ಸ್ಪಷ್ಟವಾಗಿದೆ. ಹುಟ್ಟದ ಮಗುವನ್ನು ಬೇಕೆಂದೇ ಕೊಲ್ಲುವುದು ಎಂದಿಗೂ ಸಲ್ಲದು. ಆದರೆ ತಾಯಿಯ ಕಠಿಣ ಕಾಯಿಲೆಗೆ ತಡಮಾಡಲಾಗದ ಚಿಕಿತ್ಸೆ ಕೊಡುವಾಗ, ಯಾರೂ ಬಯಸದ ಅಪಾಯ ಮಗುವಿಗೆ ಒದಗಿದರೂ, ಬೇರೆ ದಾರಿಯಿಲ್ಲದಿದ್ದರೆ ಅಂಥ ಚಿಕಿತ್ಸೆ ತಪ್ಪಲ್ಲ. ಜಗದ್ಗುರು ಹನ್ನೆರಡನೇ ಪಿಯುಸರು 1951ರಲ್ಲೇ ಇದನ್ನು ವಿವರಿಸಿದ್ದಾರೆ. ಅದೇ ವರ್ಷ, ತಾಯಿಯ ಪ್ರಾಣ ಹೆಚ್ಚೋ ಮಗುವಿನ ಪ್ರಾಣ ಹೆಚ್ಚೋ ಎಂದು ಧರ್ಮಸಭೆ ತೂಗಿ ನೋಡುವುದಿಲ್ಲ, ಇಬ್ಬರನ್ನೂ ಉಳಿಸಲು ಹೆಣಗಬೇಕು ಎಂದೂ ತಿಳಿಸಿದರು. ನಮ್ಮ ವಿವಾಹ ಸಿದ್ಧತೆಯ ತರಗತಿಗಳಲ್ಲಿ ಇದನ್ನು ಹೇಳಿಕೊಡಬೇಕು. ಹೇಳಿಕೊಡುವುದಿಲ್ಲ. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಧರ್ಮಸಭೆ ಎಂದೂ ಹೊರಿಸದ ಹೊರೆಯನ್ನು ತಾವೇ ತಲೆಗೇರಿಸಿಕೊಳ್ಳುತ್ತಾರೆ.

ಆಪರೇಷನ್ನಿಗೆ ಮುಂಚೆ ರೋಗಿಗಳ ಅಭ್ಯಂಗ ಸಂಸ್ಕಾರ ಪಡೆಯಿರಿ ಎಂದೆ. ಒಳಗಿನಿಂದ ಅತ್ತೆ ಓಡಿಬಂದರು. "ಅಷ್ಟೊಂದು ಆಗಿಹೋಯ್ತಾ ಸ್ವಾಮಿ?" ಅವರ ಪಾಲಿಗೆ ಎಣ್ಣೆ ಎಂದರೆ ಕೊನೆಯ ಎಣ್ಣೆ. ಆ ತಲೆಮಾರಿನವರನ್ನು ದೂರುವಂತಿಲ್ಲ, ಅವರು ಕಂಡದ್ದೇ ಹಾಗೆ. 1972ರಲ್ಲಿ ಜಗದ್ಗುರು ಆರನೇ ಪೌಲರು ಈ ಸಂಸ್ಕಾರದ ವಿಧಿಯನ್ನು ಪರಿಷ್ಕರಿಸಿದರು. ಕಠಿಣ ಕಾಯಿಲೆ ಬಿದ್ದವರು, ದೊಡ್ಡ ಆಪರೇಷನ್ನಿಗೆ ಹೋಗುವವರು ಇದನ್ನು ಪಡೆಯಬಹುದು, ಪಡೆಯಬೇಕು. ಸಾಯುವ ಗಳಿಗೆಗೆ ಕಾಯಬೇಕಿಲ್ಲ. ಇಷ್ಟು ವರ್ಷ ಕಳೆದರೂ ಎಣ್ಣೆಯ ಡಬ್ಬಿ ಕಂಡರೆ ನಮ್ಮ ಜನ ಬೆಚ್ಚುತ್ತಾರೆ. ಹಾಗೆಂದು ಈ ಸಂಸ್ಕಾರ ಔಷಧಕ್ಕೆ ಬದಲಿಯೂ ಅಲ್ಲ. ಪ್ರಾರ್ಥನೆಯಿಂದಲೇ ವಾಸಿಯಾಗುತ್ತದೆ, ಆಸ್ಪತ್ರೆ ಬಿಡಿ ಎನ್ನುವವರು ಆ ಮನೆಗೂ ಬಂದು ಹೋಗಿದ್ದರಂತೆ. ವೈದ್ಯ ವಿದ್ಯೆಯನ್ನು ಕೊಟ್ಟ ದೇವರನ್ನೇ ಅವರು ಆಸ್ಪತ್ರೆಯ ಹೊರಗೆ ನಿಲ್ಲಿಸುತ್ತಾರೆ.

ಅಭ್ಯಂಗ ಮುಗಿಯಿತು. ಅತ್ತೆ ಕಾಫಿ ತಂದುಕೊಟ್ಟು, ಎಷ್ಟೋ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಹಾಕಿದರು: "ಬಸುರಿ ಇದ್ದಾಗ ಮನೆ ಬಿಡಬಾರದು ಅಂತ ನಾನು ಹೇಳಿದ್ದೆ. ಸಾಮಾನು ಕಟ್ಟಿದ್ದಕ್ಕೇ ಹೀಗಾಯಿತು." ಸೊಸೆ ತಲೆ ಎತ್ತಲಿಲ್ಲ. ಕಾಯಿಲೆಗಿಂತ ಈ ಮಾತು ಆಕೆಯನ್ನು ಹೆಚ್ಚು ತಿನ್ನುತ್ತಿತ್ತು ಎಂದು ನನಗೆ ಆಗ ತಿಳಿಯಿತು.

ಅಮ್ಮಾ, ಹಾಗಾದರೆ ನಮ್ಮ ಮರಿಯಮ್ಮನವರ ಗತಿಯೇನು ಎಂದು ಕೇಳಿದೆ. ಲೂಕನ ಶುಭಸಂದೇಶವನ್ನು ತೆರೆದು ನೋಡಿ. ದೇವದೂತರ ಮಾತು ಕೇಳಿದ ಕೂಡಲೇ ಬಸುರಿ ಮರಿಯಮ್ಮನವರು ಬೆಟ್ಟದ ನಾಡಿಗೆ, ಎಲಿಜಬೇತಮ್ಮನವರ ಮನೆಗೆ ಹೊರಟರು. ಮೂರು ತಿಂಗಳ ಮೇಲೆ ವಾಪಸು ಬಂದರು. ದಿನ ತುಂಬುವ ಹೊತ್ತಿಗೆ ಚಕ್ರವರ್ತಿ ಜನಗಣತಿಯ ಆಜ್ಞೆ ಹೊರಡಿಸಿದ, ನಜರೇತಿನಿಂದ ಬೆತ್ಲೆಹೇಮಿಗೆ ನಡೆಯಬೇಕಾಯಿತು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನಾವು ಕ್ರಿಸ್ಮಸ್ ಗೋದಲಿಯಲ್ಲಿ ಕತ್ತೆಯನ್ನು ಇಡುತ್ತೇವೆ, ಆದರೆ ಶುಭಸಂದೇಶದಲ್ಲಿ ಕತ್ತೆಯ ಮಾತೇ ಇಲ್ಲ. ತಲುಪಿದ ಊರಿನಲ್ಲಿ ತಂಗಲು ಜಾಗವಿರಲಿಲ್ಲ. ಹೆತ್ತು ನಲವತ್ತು ದಿನಕ್ಕೆ ಮಗುವನ್ನು ದೇವಾಲಯಕ್ಕೆ ಒಯ್ದಾಗ ಮುದುಕ ಸಿಮೆಯೋನ, ನಿನ್ನ ಜೀವವನ್ನು ಕತ್ತಿ ತಿವಿಯುತ್ತದೆ ಎಂಬರ್ಥದ ಮಾತನ್ನು ಎದುರಿಗೇ ಆಡಿದ. ಎಳೆಗೂಸು ಕೈಯಲ್ಲಿರುವ ತಾಯಿಗೆ ಹೇಳುವ ಮಾತೇ ಅದು! ಆಸ್ಪತ್ರೆಯ ವರದಿ ಹಿಡಿದು ನಿಂತ ಪ್ರತಿಯೊಬ್ಬ ತಾಯಿಯೂ ಆ ನೋವನ್ನು ಬಲ್ಲಳು. ಅದು ಸಾಲದೆಂಬಂತೆ ನಡುರಾತ್ರಿ ಈಜಿಪ್ಟಿಗೆ ಓಟ. ಅಲ್ಲಿಂದ ಮರಳುವಾಗ ಜೋಸೆಫರು ಯೂದಾಯಕ್ಕೆ ಹೋಗಲು ಹೆದರಿದರು ಎಂದು ಮತ್ತಾಯ ಬರೆದಿದ್ದಾನೆ. ಆ ನೀತಿವಂತರೂ ಹೆದರಿದರು. ಹೆದರಿಕೆ ಅವಿಶ್ವಾಸವಲ್ಲ. ಗೆತ್ಸೆಮನಿ ತೋಪಿನಲ್ಲಿ ಯೇಸುಸ್ವಾಮಿ ಮೊದಲು ಬೇಡಿದ್ದು ಆ ಪಾತ್ರೆ ತಮ್ಮಿಂದ ತೊಲಗಲಿ ಎಂದೇ.

ಅತ್ತೆ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದುಹೋಗಿ, ಕಟ್ಟದೆ ಉಳಿಸಿದ್ದ ಸೌಟು, ಬಟ್ಟಲುಗಳನ್ನು ತಾವೇ ಒಂದು ಚೀಲಕ್ಕೆ ತುಂಬತೊಡಗಿದರು.

ಲಾರಿ ಹೊರಟಿತು. ಚಿಕಿತ್ಸೆಯೂ ಬೆಂಗಳೂರಿನಲ್ಲೇ ಆಗಬೇಕಿತ್ತು. ಅತ್ತೆ ಊರಿನಲ್ಲಿ ಹಾಸಿಗೆ ಹಿಡಿದ ಮಾವನನ್ನು ಬಿಟ್ಟು ಹೋಗುವಂತಿರಲಿಲ್ಲ. ನಾನು ಅಲ್ಲಿನ ಗುರುಗಳಿಗೆಂದು ಒಂದು ಪರಿಚಯ ಪತ್ರ ಬರೆದುಕೊಟ್ಟೆ. ಜ್ಞಾನಸ್ನಾನ, ವಿವಾಹದ ವಿವರ, ಕೆಳಗೆ ಸಹಿ, ಮೊಹರು. ಆಕೆಯ ಕಾಯಿಲೆಯ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಹಬ್ಬದ ಗಡಿಬಿಡಿಯಲ್ಲಿದ್ದೆ ಎಂಬುದು ಕಾರಣವಾಗಲಾರದು. ಒಂದು ಫೋನು ಮಾಡಿದ್ದರೂ ಸಾಕಿತ್ತು. ಮಾಡಲಿಲ್ಲ.

ಇದರ ಫಲವನ್ನು ಆಮೇಲೆ ಆಕೆಯ ಬಾಯಿಂದಲೇ ಕೇಳಿದೆ. ಆರು ವಾರ ಆ ದೊಡ್ಡ ದೇವಾಲಯದ ಕೊನೆಯ ಬೆಂಚಿನಲ್ಲಿ ಕುಳಿತು ಪೂಜೆ ಕೇಳಿ ಬರುತ್ತಿದ್ದರಂತೆ. ಆಪರೇಷನ್ ಮುಗಿದು ಕಿಮೋ ಆರಂಭವಾಗಿ ಕೂದಲು ಉದುರಿತ್ತು. ನಮ್ಮ ಹೆಂಗಸರು ದೇವಾಲಯದಲ್ಲಿ ತಲೆಯ ಮೇಲೆ ಸೆರಗು ಹೊದ್ದುಕೊಳ್ಳುವುದರಿಂದ ಯಾರಿಗೂ ತಿಳಿಯಲಿಲ್ಲ. ಗಂಡ ರಜೆ ಮುಗಿದು ಕೆಲಸಕ್ಕೆ ಹೋಗುತ್ತಿದ್ದ. ಮನೆಯಲ್ಲಿ ಗೋಣಿಚೀಲಗಳು ಬಿಚ್ಚದೆ ಹಾಗೇ ಬಿದ್ದಿದ್ದವು. ಬಗ್ಗಿ ಬಿಚ್ಚುವ ಶಕ್ತಿ ಆಕೆಗಿರಲಿಲ್ಲ. ಪ್ರಾರ್ಥನೆ ಬರುತ್ತಿರಲಿಲ್ಲ, ಜಪಸರವೂ ಯಾವುದೋ ಚೀಲದಲ್ಲಿತ್ತು ಸ್ವಾಮಿ ಎಂದರು.

ಏಳನೆಯ ಭಾನುವಾರ ಮಗಳು ಆಟದಲ್ಲಿ ಸೆರಗು ಎಳೆದಳು. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮುದುಕಿ ನೋಡಿದರು. ಅವರು ಕಣ್ಣೀರು ಸುರಿಸಲಿಲ್ಲ, ದೇವರು ಪ್ರೀತಿಸುವವರನ್ನೇ ಪರೀಕ್ಷಿಸುತ್ತಾನೆ ಎಂದೂ ಅನ್ನಲಿಲ್ಲ. ಸೆರಗನ್ನು ಸರಿಯಾಗಿ ಹೊದಿಸಿ, "ನಿಂಗೆ ಏನು ಸೇರುತ್ತೆ ಮಗಾ?" ಎಂದು ಕೇಳಿದರಂತೆ. ಗಂಜಿ, ನಿಂಬೆ ಉಪ್ಪಿನಕಾಯಿ, ಅಷ್ಟೇ ಎಂದರಂತೆ ಆಕೆ. ಮರುದಿನ ಗಂಜಿ ಬಂತು. ಬುಧವಾರ ಇನ್ನಿಬ್ಬರು ಹೆಂಗಸರು ಬಂದು ಮಗುವನ್ನು ತಮ್ಮ ಮಕ್ಕಳ ಜೊತೆ ಶಾಲೆಗೆ ಬಿಡುವ ಏರ್ಪಾಟು ಮಾಡಿದರು. ಶನಿವಾರ ಚೀಲಗಳನ್ನೆಲ್ಲ ಬಿಚ್ಚಿದರು. ನಾಲ್ಕನೆಯ ಚೀಲದಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿದ್ದ ಮಾತೆಯ ಸ್ವರೂಪ ಸಿಕ್ಕಿತು. ಮೊಳೆ ಹೊಡೆದು ಹಲಗೆ ಕೂರಿಸಿ, ಅದರ ಮೇಲಿಟ್ಟು ದೀಪ ಹಚ್ಚಿ ಹೋದರಂತೆ. ಅಂದು ಮೊದಲ ಸಲ ಅತ್ತೆ ಸ್ವಾಮಿ, ಗಂಟೆಗಟ್ಟಲೆ ಅತ್ತೆ ಎಂದರು.

ಮಗು ತಿಂಗಳು ಪೂರ್ತಿ ತುಂಬುವ ಮೊದಲೇ ಹುಟ್ಟಿತು. ಗಂಡುಮಗು, ಸಣ್ಣದು, ಆದರೆ ಗಟ್ಟಿ ಕೂಗು. ಎದೆಹಾಲು ಕೊಡುವಂತಿರಲಿಲ್ಲ, ಆ ಸಂಕಟವನ್ನು ಆಕೆ ಹೆಚ್ಚು ಹೇಳಿಕೊಳ್ಳಲಿಲ್ಲ. ಜ್ಞಾನಸ್ನಾನಕ್ಕೆ ನನ್ನನ್ನೂ ಕರೆದಿದ್ದರು. ಊರಿನಿಂದ ಬಂದ ಅತ್ತೆಯೇ ಮಗುವನ್ನು ಎತ್ತಿಕೊಂಡು ಬಂದರು. ಜ್ಞಾನಮಾತೆಯಾಗಿ ನಿಂತವರು ಆ ಗಂಜಿಯ ಮುದುಕಿ.

ಇದನ್ನು ಬರೆಯುವಾಗ ಇನ್ನೊಬ್ಬ ತಾಯಿ ನೆನಪಾಗುತ್ತಾರೆ. ಅದೇ ಕಾಯಿಲೆ, ಅದೇ ವಯಸ್ಸು. ಅವರ ಮಣ್ಣಿಗೆ ಪ್ರಾರ್ಥನೆ ಹೇಳಿದವನೂ ನಾನೇ. ಇಬ್ಬರ ವಿಶ್ವಾಸದಲ್ಲಿ ಹೆಚ್ಚುಕಡಿಮೆ ಏನೂ ನನಗೆ ಕಾಣಲಿಲ್ಲ. ಒಬ್ಬರು ಏಕೆ ಉಳಿದರು, ಒಬ್ಬರು ಏಕೆ ಉಳಿಯಲಿಲ್ಲ ಎಂದು ನನ್ನನ್ನು ಕೇಳಬೇಡಿ. ನಾನೂ ಪರಮಪ್ರಸಾದದ ಮುಂದೆ ಕುಳಿತು ಅದನ್ನು ಕೇಳುತ್ತಲೇ ಇದ್ದೇನೆ.

ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ತಾಯಿ ತಪ್ಪದೆ ತಪಾಸಣೆಗೆ ಹೋಗುತ್ತಾರೆ. ಹೋಗುವ ಹಿಂದಿನ ರಾತ್ರಿ ಇವತ್ತಿಗೂ ನಿದ್ದೆ ಬರುವುದಿಲ್ಲವಂತೆ. ಬರುವ ತಿಂಗಳು ಮತ್ತೆ ಇದೆ, ಪೂಜೆಯಲ್ಲಿ ನೆನೆಯಿರಿ ಸ್ವಾಮಿ ಎಂದಿದ್ದಾರೆ. ನೀವೂ ನೆನೆಯಿರಿ.