ಆಯವೋ, ಪಾಲೋ?

ಸಣ್ಣ ಪಕ್ಷ ದೊಡ್ಡ ಪಕ್ಷದ ಜತೆ ಕೂಡಿದರೆ ಅದು ರಾಜಕಾರಣವೋ, ಸ್ವಾಭಿಮಾನದ ಮಾರಾಟವೋ? ಆಳಂದ, ಅಫಜಲಪುರ, ಜೇವರ್ಗಿಯ ಕೇರಿಗಳಲ್ಲಿ ಚುನಾವಣೆ ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ನಮ್ಮೋರಿಗಿ ಹಾಕಿದ್ರ ವೋಟು ಹಾಳು, ದೊಡ್ಡೋರಿಗಿ ಹಾಕಿದ್ರ ನಾವು ಹಾಳು. ಇದು ನಮ್ಮ ಇಕ್ಕಟ್ಟು.

ಈ ಮೂರೂ ವಿಧಾನಸಭಾ ಕ್ಷೇತ್ರಗಳು ಸಾಮಾನ್ಯ ಕ್ಷೇತ್ರಗಳು. ಇಲ್ಲಿ ನಮ್ಮ ವೋಟು ಬೇರೆಯವರನ್ನು ಗೆಲ್ಲಿಸಲಿಕ್ಕೆ ಬೇಕು. ಅಫಜಲಪುರ, ಜೇವರ್ಗಿ ಸೇರಿರುವ ಕಲಬುರಗಿ ಲೋಕಸಭಾ ಕ್ಷೇತ್ರ 2009ರಿಂದ ಮೀಸಲು. ಅಲ್ಲಿ ನಿಲ್ಲುವವರು ನಮ್ಮವರೇ, ಗೆಲ್ಲಿಸುವ ಕೈ ಮಾತ್ರ ಬೇರೆಯವರದು. 1972ರಿಂದ ಸೋಲು ಕಾಣದ ಮಲ್ಲಿಕಾರ್ಜುನ ಖರ್ಗೆಯವರೂ 2019ರಲ್ಲಿ ಇಲ್ಲೇ ಸೋತರು. 1932ರ ಪುಣೆ ಒಪ್ಪಂದ ನಮಗೆ ಬಿಟ್ಟುಹೋದ ಗಂಟು ಇದು: ಪ್ರತ್ಯೇಕ ಮತದಾನ ಹೋಯಿತು, ಮೀಸಲು ಸೀಟು ಬಂತು. ಹಾಗಾಗಿ ದಲಿತ ಪಕ್ಷಕ್ಕೆ ಮೈತ್ರಿಯ ಪ್ರಶ್ನೆ ತಪ್ಪಿದ್ದಲ್ಲ. ಎಂಥ ಮೈತ್ರಿ ಅನ್ನುವುದೇ ಪ್ರಶ್ನೆ.

ನಮ್ಮ ಹಿರಿಯರು ಕಣದಲ್ಲಿ ಎರಡು ಬಗೆಯ ಲೆಕ್ಕ ಕಂಡವರು. ವರ್ಷವಿಡೀ ಊರ ಚಾಕರಿ ಮಾಡಿದವರು ಸುಗ್ಗಿಯಲ್ಲಿ ಕಣದ ಅಂಚಿಗೆ ನಿಂತು ಆಯ ಪಡೆಯುತ್ತಿದ್ದರು. ಅಳೆಯುವ ಕೈ ಗೌಡನದು. ಕಡಿಮೆ ಬಿತ್ತೆಂದು ಕೇಳುವ ಬಾಯಿ ನಮಗಿರಲಿಲ್ಲ. ಪಾಲಿಗೆ ಹೊಲ ಮಾಡಿದವನ ಮಾತು ಬೇರೆ. ಬೀಜ ಯಾರದು, ಎತ್ತು ಯಾರದು, ರಾಶಿಯಲ್ಲಿ ಯಾರಿಗೆಷ್ಟು ಎಂದು ಬಿತ್ತುವ ಮೊದಲೇ ಮಾತಾಗಿರುತ್ತದೆ. ಅಲ್ಲೂ ಮೋಸ ಉಂಟು, ಆದರೆ ಜಗಳ ತೆಗೆಯುವ ಹಕ್ಕೂ ಉಂಟು. ಫಲಿತಾಂಶ ಬಂದ ಮೇಲೆ ನಿಗಮದ ಅಧ್ಯಕ್ಷಗಿರಿಗೆ ಕೈಚಾಚುವ ಮೈತ್ರಿ ಆಯದ ಮೈತ್ರಿ. ನಮಗೆ ಬೇಕಾದದ್ದು ಪಾಲಿನ ಮೈತ್ರಿ.

ಬಾಬಾಸಾಹೇಬರು ಮೈತ್ರಿಯನ್ನು ಪಾಪ ಅನ್ನಲಿಲ್ಲ. ಪರಿಶಿಷ್ಟ ಜಾತಿ ಒಕ್ಕೂಟದ 1951ರ ಪ್ರಣಾಳಿಕೆಯಲ್ಲಿ ಹಿಂದೂ ಮಹಾಸಭಾ, ಆರೆಸ್ಸೆಸ್ ಜತೆಯೂ ಇಲ್ಲ, ಕಮ್ಯುನಿಸ್ಟರ ಜತೆಯೂ ಇಲ್ಲ ಎಂದು ಮೊದಲೇ ಬರೆದರು. ಸಮಾಜವಾದಿ ಪಕ್ಷದ ಜತೆ ಕೂಡಿ 1952ರಲ್ಲಿ ಉತ್ತರ ಮುಂಬಯಿಯಿಂದ ನಿಂತರು, ಸೋತರು. ಆ ಆಯ್ಕೆಯನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ವೋಟು ಹಾಕುವವನಿಗೆ ಷರತ್ತು ಗೊತ್ತಿತ್ತು.

ಈಗ ಕೊಳ್ಳೇಗಾಲ ನೋಡಿ. ಉತ್ತರ ಪ್ರದೇಶದಲ್ಲಿ 2007ರಲ್ಲಿ ಸ್ವಂತ ಬಲದ ಮೇಲೆ ಸರ್ಕಾರ ಮಾಡಿದ ಬಿಎಸ್‌ಪಿ ಕರ್ನಾಟಕದಲ್ಲಿ ಸಣ್ಣ ಪಕ್ಷವೇ. 2018ರಲ್ಲಿ ಜೆಡಿಎಸ್ ಜತೆ ಕೂಡಿತು, ಒಂದು ಸೀಟು ಗೆದ್ದಿತು. ಗೆದ್ದ ಎನ್. ಮಹೇಶ್ ಜೂನ್‌ನಲ್ಲಿ ಶಿಕ್ಷಣ ಮಂತ್ರಿಯಾದರು, ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟರು. 2019ರ ಜುಲೈ 23ರಂದು ಮೈತ್ರಿ ಸರ್ಕಾರ 99–105ರಲ್ಲಿ ಬಿದ್ದಾಗ ಅವರು ಸದನದಲ್ಲಿರಲಿಲ್ಲ, ಪಕ್ಷ ಉಚ್ಚಾಟಿಸಿತು. 2021ರಲ್ಲಿ ಬಿಜೆಪಿ ಸೇರಿದರು. ಒಬ್ಬ ವ್ಯಕ್ತಿಯ ಮೇಲೆ ಎಲ್ಲ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮ ಪ್ರಶ್ನೆ ಬೇರೆ: ಅಧಿಕಾರ ಹಿಡಿದಾಗ, ಬಿಟ್ಟಾಗ, ಗೈರಾದಾಗ, ಉಚ್ಚಾಟಿಸಿದಾಗ, ವೋಟು ಕೊಟ್ಟ ಕೇರಿಗೆ ಲೆಕ್ಕ ಒಪ್ಪಿಸುವ ಜಾಗ ಯಾವುದಿತ್ತು?

ಹಾಗಾದರೆ ಒಂಟಿಯಾಗಿ ನಿಲ್ಲುವುದೇ ಮೇಲೆ? ಆಳಂದ, ಅಫಜಲಪುರದ ಗಡಿ ದಾಟಿದರೆ ಅಕ್ಕಲಕೋಟ; ಅದು ಸೊಲ್ಲಾಪುರ ಲೋಕಸಭಾ ಕ್ಷೇತ್ರ. 2019ರಲ್ಲಿ ಕಾಂಗ್ರೆಸ್ ಜತೆ ಮಾತು ಮುರಿದ ಮೇಲೆ ವಂಚಿತ ಬಹುಜನ ಆಘಾಡಿಯ ಪ್ರಕಾಶ್ ಅಂಬೇಡ್ಕರ್ ಅಲ್ಲಿ ನಿಂತು ಸುಮಾರು 1 ಲಕ್ಷ 70 ಸಾವಿರ ವೋಟು ಪಡೆದರು. ಕಾಂಗ್ರೆಸ್ಸಿನ ಸುಶೀಲಕುಮಾರ್ ಶಿಂಧೆ ಬಿಜೆಪಿ ಎದುರು ಸೋತದ್ದು ಸುಮಾರು 1 ಲಕ್ಷ 58 ಸಾವಿರದಿಂದ. ವೋಟು ಒಡೆದರು ಅಂತ ಕೂಗೆದ್ದಿತು. ಒಡೀಲಿಕ್ಕೆ ಅದು ಯಾರ ಮನೆ ಗಡಿಗೆ? ನಮ್ಮ ವೋಟು ಯಾರ ಸ್ವತ್ತೂ ಅಲ್ಲ. ಆದರೂ ಒಂಟಿಯಾಗಿ ನಿಂತೆವೆಂದು ಎದೆ ಸೆಟೆಸಿದರೆ ಸಾಲದು. ಸೋತ ನಾಯಕರು ಮನೆಗೆ ಹೋಗುತ್ತಾರೆ. ಬಂದ ಸರ್ಕಾರದ ಬಿಸಿ ಕೇರಿಗೆ ತಟ್ಟುತ್ತದೆ. ಕೂಡಿದ್ದಕ್ಕೆ ಲೆಕ್ಕ ಕೊಡಬೇಕಾದಂತೆ ಕೂಡದಿದ್ದಕ್ಕೂ ಕೊಡಬೇಕು.

ಗೆಳೆಯರೇ, ಮೈತ್ರಿ ಶುದ್ಧವೋ ಮೈಲಿಗೆಯೋ ಎಂಬ ಜಗಳ ಬೇಡ. ಶುದ್ಧ, ಮೈಲಿಗೆ ನಮ್ಮ ಭಾಷೆಯೇ ಅಲ್ಲ. ಷರತ್ತು ಬರೆದಾರೇನು? ಕೇರಿಗೆ ಓದಿ ಹೇಳ್ಯಾರೇನು? ಮಾತು ಮುರಿದರೆ ಯಾವಾಗ ಹೊರಗೆ ಬರುತ್ತಾರೆ? ಸುಡುಗಾಡಿಗೆ ಎಷ್ಟು ಗುಂಟೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಮರಳಬೇಕಾದ ಹೊಲ ಎಷ್ಟು, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣ ಎಲ್ಲಿ ಹೋಯಿತು, ಇವೇ ಷರತ್ತುಗಳಾಗಲಿ. ಆ ಹಾಳೆಯನ್ನು ಮಾಸ್ತರರು ಕೇರಿಯ ಕಟ್ಟೆ ಮೇಲೆ ಓದಲಿ. ಮನೆಯಲ್ಲಿ ಮೊದಲ ಸಲ ಪದವಿ ಕಂಡ ನಾವು ವರ್ಷಕ್ಕೊಮ್ಮೆ ಅದನ್ನೇ ಹಿಡಿದು ಪಕ್ಷದ ಬಾಗಿಲು ಬಡಿಯೋಣ. ಎಲ್ಲಿಗಿ ಬಂತಪ್ಪಾ ನಮ್ಮ ಪಾಲು ಅಂತ ಕೂಲಿ ಮಾಡುವ ಮುದುಕಿ ಕೇಳಿದಾಗ ಉತ್ತರ ಕೊಡುವ ಪಕ್ಷ ಸಣ್ಣದಾದರೂ ನಮ್ಮದು. ಉತ್ತರ ಕೊಡದ್ದು, ನೀಲಿ ಬಾವುಟ ಹಿಡಿದಿದ್ದರೂ, ಗೌಡನ ಕಣವೇ.